ತಟ್ಟೆಯ ಮೇಲಿನ ವರ್ತುಲ ಮತ್ತು ತಂದೆಯ ಕಾಲಿನ ಹುಣ್ಣು

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟವಿದೆ. ಮರಗಸಿ ಮಾಡುವಾಗಲೋ ಕಳೆ ಹೊಡೆಯುವಾಗಲೋ ಕತ್ತಿ ತಗುಲಿದರೆ ಕಮ್ಯುನಿಸ್ಟ್ ಗಿಡದ ಎಲೆಯನ್ನು ಅಂಗೈಯಲ್ಲಿ ಉಜ್ಜಿ ಗಾಯಕ್ಕೆ ರಸ ಹಿಂಡುವುದು ನಮ್ಮಲ್ಲಿ ರೂಢಿ. ರಕ್ತ ಬೇಗ ನಿಲ್ಲುತ್ತದೆ, ಗಾಯ ಕೀವಾಗುವುದಿಲ್ಲ. ನನ್ನ ತಂದೆಗೆ 71 ವರ್ಷ, ಸಕ್ಕರೆ ಕಾಯಿಲೆ ಇದೆ. ಪಾದದ ಹುಣ್ಣು ಎರಡು ತಿಂಗಳಾದರೂ ಮಾಯಲಿಲ್ಲ. ಹಾಸನದಲ್ಲಿ ಕೀವಿನ ಪರೀಕ್ಷೆ ಮಾಡಿಸಿದಾಗ ಎಂಆರ್‌ಎಸ್‌ಎ, ಅಂದರೆ ಪೆನಿಸಿಲಿನ್ ಕುಟುಂಬದ ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಾ, ಎಂದು ವರದಿ ಬಂತು. ನನ್ನ ಮಗಳು ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಪ್ರಾಜೆಕ್ಟ್‌ಗಾಗಿ ಇದೇ ಎಲೆಯನ್ನು ಒಣಗಿಸಿ, ಮೆಥನಾಲ್‌ನಲ್ಲಿ ಸಾರ ತೆಗೆದು, ಕಾಲೇಜಿನಲ್ಲಿರುವ ಎಂಆರ್‌ಎಸ್‌ಎಯನ್ನು ತಟ್ಟೆಯಲ್ಲಿ ಬೆಳೆಸಿ ಅದರ ಮೇಲೆ ಪರೀಕ್ಷಿಸಿದಳು. ಪೆನಿಸಿಲಿನ್ ಹೀರಿಸಿದ ಕಾಗದದ ಬಿಲ್ಲೆಯ ಸುತ್ತ ಖಾಲಿ ಜಾಗವೇ ಇರಲಿಲ್ಲ. ಎಲೆಯ ಸಾರದ ಸುತ್ತ ಬ್ಯಾಕ್ಟೀರಿಯಾ ಬೆಳೆಯದ, 18 ಮಿಲಿಮೀಟರ್ ಅಗಲದ ಖಾಲಿ ವರ್ತುಲ ಇತ್ತು. ಸಾರ ಮಿಲಿಲೀಟರಿಗೆ 100 ಮಿಲಿಗ್ರಾಂ, 8 ಮಿಲಿಮೀಟರಿನ ಕುಳಿಗೆ 50 ಮೈಕ್ರೊಲೀಟರ್ ಹಾಕಿದ್ದಾಗಿ ಬರೆದುಕೊಂಡಿದ್ದಾಳೆ. ಹಾಗಾದರೆ ಈ ಸೊಪ್ಪು ಆ ಔಷಧಿಗಿಂತ ಮೇಲು ಎಂದಾಯಿತಲ್ಲವೇ? ತಂದೆಯ ಹುಣ್ಣಿಗೆ ಹಚ್ಚಬಹುದೇ?

ಉತ್ತರ: ಹಚ್ಚಬೇಡಿ. ಮಿಕ್ಕ ಮಾತೆಲ್ಲ ಆಮೇಲೆ. ಸಕ್ಕರೆ ಕಾಯಿಲೆಯವರ ಪಾದದಲ್ಲಿ ಸ್ಪರ್ಶ ಕಡಿಮೆಯಾಗಿರುತ್ತದೆ, ರಕ್ತದ ಓಡಾಟವೂ ಸಾಲದಾಗಿರುತ್ತದೆ. ಮೇಲ್ನೋಟಕ್ಕೆ ಒಣಗಿದಂತೆ ಕಂಡ ಹುಣ್ಣಿನ ಸೋಂಕು ಒಳಗೊಳಗೇ ಮೂಳೆಗೆ ಇಳಿದಿರಬಹುದು. ತೋಟದಿಂದ ಕಿತ್ತು ತಂದ ಹಸಿ ಎಲೆಯ ಮೇಲೆ ಮಣ್ಣಿನ ಬ್ಯಾಕ್ಟೀರಿಯಾಗಳೂ ಅವುಗಳ ಬೀಜಕಗಳೂ ಇರುತ್ತವೆ. ಧನುರ್ವಾಯು ತರುವ ಬ್ಯಾಕ್ಟೀರಿಯಾದ ಮನೆಯೇ ಮಣ್ಣು. ಎಂಆರ್‌ಎಸ್‌ಎ ಎಂದು ಬಂದ ಮಾತ್ರಕ್ಕೆ ಔಷಧವೇ ಇಲ್ಲವೆಂದು ಹೆದರಬೇಕಾಗಿಲ್ಲ. ವ್ಯಾಂಕೊಮೈಸಿನ್, ಲಿನೆಜೊಲಿಡ್‌ನಂತಹ ಔಷಧಗಳು ಇವೆ. ನಿಮ್ಮ ಕೈಯಲ್ಲಿರುವ ವರದಿಯಲ್ಲಿ ಯಾವುದಕ್ಕೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂಬ ಪಟ್ಟಿಯೇ ಇರುತ್ತದೆ. ಆ ಪಟ್ಟಿ ನೋಡಿ ವೈದ್ಯರು ಬರೆದುಕೊಟ್ಟಿದ್ದನ್ನು ನಡುವೆ ಬಿಡದೆ ಮುಗಿಸಿ.

ಈಗ ಮಗಳ ತಟ್ಟೆಗೆ ಬರೋಣ. ಅವಳು ಕಂಡ ವರ್ತುಲ ಸುಳ್ಳಲ್ಲ. ಅದು ಏನು ಹೇಳುತ್ತಿದೆ ಎಂಬುದನ್ನು ಮಾತ್ರ ನಿಧಾನವಾಗಿ ಓದಬೇಕು. ಹಾಸನದಲ್ಲಿ ಗಿಡದ ಸಾರಗಳನ್ನು ಬ್ಯಾಕ್ಟೀರಿಯಾ ಮೇಲೆ ಪರೀಕ್ಷಿಸುವ ಇದೇ ಕೆಲಸ ಮಾಡಿಕೊಂಡು ಬಂದಿರುವ ನನ್ನ ಬಳಿಗೆ ಪ್ರತಿ ವರ್ಷ ಇಂಥ ತಟ್ಟೆ ಹಿಡಿದುಕೊಂಡು ವಿದ್ಯಾರ್ಥಿಗಳು ಬರುತ್ತಾರೆ. ಆ ಸಂಭ್ರಮ ನನಗೆ ಚೆನ್ನಾಗಿ ಗೊತ್ತು, ಅದನ್ನು ಕೆಡಿಸುವ ಮನಸ್ಸೂ ಇಲ್ಲ. ಅಜ್ಜಿಯ ಸೊಪ್ಪಿನ ಮೇಲೆ ನಿಜವಾದ ಗೌರವ ಇದ್ದರೆ ಅದನ್ನು ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆಗೆ ಒಡ್ಡಬೇಕು ಎಂಬುದು ನನ್ನ ನಂಬಿಕೆ.

ಮೊದಲು ಲೆಕ್ಕ. ಮಾರುಕಟ್ಟೆಯಲ್ಲಿ ಸಿಗುವ ಪೆನಿಸಿಲಿನ್ ಬಿಲ್ಲೆಯಲ್ಲಿ 10 ಯೂನಿಟ್ ಔಷಧ ಇರುತ್ತದೆ, ಅಂದರೆ ಸುಮಾರು 6 ಮೈಕ್ರೊಗ್ರಾಂ. ನಿಮ್ಮ ಮಗಳು ಕುಳಿಗೆ ಹಾಕಿದ ಸಾರ 5 ಮಿಲಿಗ್ರಾಂ, ಅಂದರೆ 5000 ಮೈಕ್ರೊಗ್ರಾಂ. ಎಂಟುನೂರು ಪಟ್ಟಿಗೂ ಹೆಚ್ಚು! 18 ಮಿಲಿಮೀಟರಿನಲ್ಲಿ 8 ಮಿಲಿಮೀಟರ್ ಕುಳಿಯೇ ಹೋಯಿತು. ಉಳಿದದ್ದು ಎರಡೂ ಬದಿಗೆ ಐದೈದು ಮಿಲಿಮೀಟರ್. ಇನ್ನು ಎದುರಾಳಿಯ ಆಯ್ಕೆ. ಪೆನಿಸಿಲಿನ್‌ಗೆ ಜಗ್ಗದಿರುವುದೇ ಎಂಆರ್‌ಎಸ್‌ಎಯ ಗುಣ. ಸೋಲುವುದು ಮೊದಲೇ ಖಚಿತವಾಗಿರುವವನ ಪಕ್ಕದಲ್ಲಿ ನಿಲ್ಲಿಸಿದರೆ ಯಾರಾದರೂ ಎತ್ತರವಾಗಿಯೇ ಕಾಣುತ್ತಾರೆ. ಪಕ್ಕದಲ್ಲಿ ಇರಬೇಕಾದದ್ದು ಆ ಬ್ಯಾಕ್ಟೀರಿಯಾವನ್ನು ನಿಜಕ್ಕೂ ತಡೆಯುವ ಔಷಧ.

ಈ ನಿರೋಧಕತೆ ಎಂದರೆ ಏನೆಂಬುದನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಬಹಳ ಜನ ಎಂಆರ್‌ಎಸ್‌ಎಯನ್ನು ಯಾವುದಕ್ಕೂ ಸಾಯದ ಜೀವಿ ಎಂದುಕೊಂಡಿದ್ದಾರೆ. ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಈ ಬ್ಯಾಕ್ಟೀರಿಯಾ ಸದಾ ತನ್ನ ಸುತ್ತ ಗೋಡೆ ಕಟ್ಟಿಕೊಳ್ಳುತ್ತಿರುತ್ತದೆ. ಆ ಗೋಡೆ ಕಟ್ಟುವ ಕಿಣ್ವಗಳ ಕೈಯನ್ನು ಪೆನಿಸಿಲಿನ್ ಕುಟುಂಬದ ಔಷಧಗಳು ಹಿಡಿದುಹಾಕುತ್ತವೆ. 1959ರಲ್ಲಿ ಅದೇ ಕುಟುಂಬದ ಮೆಥಿಸಿಲಿನ್ ಬಳಕೆಗೆ ಬಂತು, 1961ರಲ್ಲೇ ಅದಕ್ಕೆ ಬಗ್ಗದ ತಳಿ ಇಂಗ್ಲೆಂಡಿನಲ್ಲಿ ಕಂಡಿತು. ಮೆಕ್‌-ಎ ಎಂಬ ಜೀನ್‌ನ ಮೂಲಕ ಅದು ಹೊಸ ಗಾರೆ ಕೆಲಸದವನೊಬ್ಬನನ್ನು ತಂದುಕೊಂಡಿತ್ತು. ಅವನ ಕೈ ಈ ಔಷಧಗಳ ಹಿಡಿತಕ್ಕೆ ಸಿಗುವುದಿಲ್ಲ. ಬದಲಾದದ್ದು ಇಷ್ಟೇ. ಸ್ಪಿರಿಟ್ ಹಾಕಿದರೆ, ಬ್ಲೀಚಿಂಗ್ ನೀರು ಹಾಕಿದರೆ ಅದೂ ಬೇರೆ ಬ್ಯಾಕ್ಟೀರಿಯಾಗಳಂತೆಯೇ ಸಾಯುತ್ತದೆ. ಆದ್ದರಿಂದ ಗೋಡೆಯ ಗೊಡವೆಗೇ ಹೋಗದೆ ಬೇರೆ ದಾರಿಯಿಂದ ಹೊಡೆಯುವ ಗಿಡದ ರಾಸಾಯನಿಕಕ್ಕೆ ಎಂಆರ್‌ಎಸ್‌ಎ ಬಗ್ಗುವುದು ಅಚ್ಚರಿಯ ಸಂಗತಿಯಲ್ಲ. ಅದೇ ಸಾರವನ್ನು ಪೆನಿಸಿಲಿನ್‌ಗೆ ಬಗ್ಗುವ ಸಾಧಾರಣ ತಳಿಯ ಮೇಲೂ ಹಾಕಿ ನೋಡಲು ಮಗಳಿಗೆ ಹೇಳಿ. ಎರಡರಲ್ಲೂ ವರ್ತುಲ ಒಂದೇ ಅಳತೆ ಇರುವ ಸಾಧ್ಯತೆ ಹೆಚ್ಚು.

ವರ್ತುಲ ದೊಡ್ಡದಿದ್ದರೆ ಬಲ ಹೆಚ್ಚು ಎಂಬ ಭಾವನೆ ಹೇಗೋ ಎಲ್ಲರ ತಲೆಯಲ್ಲಿ ಕುಳಿತುಬಿಟ್ಟಿದೆ. ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಎಂದರೆ ನೀರು ತುಂಬಿದ ಜೆಲ್ಲಿ. ಅದರಲ್ಲಿ ಸಣ್ಣ ಅಣು ಬೇಗ ಹರಡುತ್ತದೆ, ದೊಡ್ಡದು ತೆವಳುತ್ತದೆ, ಎಣ್ಣೆ ಮುಂದಕ್ಕೇ ಹೋಗುವುದಿಲ್ಲ. ವ್ಯಾಂಕೊಮೈಸಿನ್ ದೊಡ್ಡ ಅಣು. ಪರೀಕ್ಷೆಗೆಂದೇ ಇಟ್ಟುಕೊಂಡ ಪ್ರಮಾಣಿತ ತಳಿಯ ಮೇಲೂ ಅದರ 30 ಮೈಕ್ರೊಗ್ರಾಂ ಬಿಲ್ಲೆ ಕೊಡುವ ವರ್ತುಲ 17ರಿಂದ 21 ಮಿಲಿಮೀಟರ್ ಮಾತ್ರ. ನಿಮ್ಮ ಎಲೆಯದು 18! ಈ ಎರಡು ಸಂಖ್ಯೆಗಳು ಸಮ ಎಂದುಕೊಂಡರೆ ಜೀವಕ್ಕೇ ಕುತ್ತು. ದೊಡ್ಡಪತ್ರೆಯ ಎಣ್ಣೆಯದು ಇದಕ್ಕೆ ತಿರುಗುಮುರುಗು ಕಥೆ: ಅದರಲ್ಲಿರುವ ಕಾರ್ವಕ್ರಾಲ್, ಥೈಮಾಲ್ ಬ್ಯಾಕ್ಟೀರಿಯಾದ ಪೊರೆಯನ್ನೇ ಕೆಡಿಸುತ್ತವೆ, ಆದರೂ ನೀರಿನಲ್ಲಿ ಬೆರೆಯದ ಕಾರಣ ಅಗರ್‌ನಲ್ಲಿ ಇರುವುದಕ್ಕಿಂತ ಕಡಿಮೆ ಕಾಣಬಹುದು.

ಇನ್ನು ವರ್ತುಲವನ್ನು ಉಂಟುಮಾಡಿದ್ದು ಯಾರು? ಈ ಪ್ರಶ್ನೆಗೆ ಸ್ವಲ್ಪ ಹೊತ್ತು ಕೊಡುತ್ತೇನೆ, ಏಕೆಂದರೆ ನಾನೇ ಇಲ್ಲಿ ಎಡವಿದ್ದೇನೆ. ಸಂಶೋಧನೆಗೆ ಸೇರಿದ ಮೊದಲ ವರ್ಷ ಬಿಸಿಲೆ ಕಡೆಯಿಂದ ಬಂದ ಉಪ್ಪಾಗೆ ಸಿಪ್ಪೆಯ ನೀರಿನ ಸಾರ ತೆಗೆದು ತಟ್ಟೆಗೆ ಹಾಕಿದ್ದೆ. ಮರುದಿನ ಬೆಳಿಗ್ಗೆ ಇನ್‌ಕ್ಯುಬೇಟರ್ ಬಾಗಿಲು ತೆರೆದಾಗ ಕಂಡದ್ದು ಗಾಜಿನಷ್ಟು ತಿಳಿಯಾದ, ಅಂಚು ಕತ್ತರಿಸಿದಂತಿದ್ದ ವರ್ತುಲ. ಮೂರು ಸಲ ಮಾಡಿದೆ, ಮೂರು ಸಲವೂ ಬಂತು. ಪ್ರಯೋಗಾಲಯದ ಹಿರಿಯರೊಬ್ಬರು ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಹುಳಿ ಎಷ್ಟೆಂದು ಬಣ್ಣದಿಂದ ತೋರಿಸುವ ಪಿಎಚ್ ಕಾಗದದ ಒಂದು ತುಂಡನ್ನು ನನ್ನ ಸಾರದಲ್ಲಿ ಅದ್ದಿದರು. ಕಾಗದ ಕೆಂಪಗಾಯಿತು. ಅವರು ಮತ್ತೇನೂ ಹೇಳಲಿಲ್ಲ. ಆ ಸಂಜೆ ಸೋಡಿಯಂ ಹೈಡ್ರಾಕ್ಸೈಡ್‌ನ ಹನಿ ಹನಿ ಸೇರಿಸಿ ಹುಳಿಯನ್ನು ತಟಸ್ಥಗೊಳಿಸಿ, ಹೊಸ ತಟ್ಟೆಗೆ ಹಾಕಿಟ್ಟೆ. ಬೆಳಿಗ್ಗೆ ನೋಡಿದರೆ ಬ್ಯಾಕ್ಟೀರಿಯಾ ಕುಳಿಯ ಅಂಚಿನವರೆಗೂ ಹಾಲಿನ ಕೆನೆಯಂತೆ ಬೆಳೆದು ನಿಂತಿತ್ತು. ತಿಂಗಳುಗಟ್ಟಲೆ ನಾನು ಅಳೆದದ್ದು ಉಪ್ಪಾಗೆಯ ಹುಳಿಯನ್ನು.

ನಿಮ್ಮ ಎಲೆ ಉಪ್ಪಾಗೆಯಷ್ಟು ಹುಳಿಯಲ್ಲ, ಆದರೂ ಪಿಎಚ್ ನೋಡಲೇಬೇಕು. ಮೆಥನಾಲ್ ಪೂರ್ತಿ ಆರಿ ಹೋಗಿತ್ತೇ, ಸಾರವನ್ನು ಯಾವುದರಲ್ಲಿ ಕರಗಿಸಿದಳು, ಆ ದ್ರಾವಕವೊಂದನ್ನೇ ಇನ್ನೊಂದು ಕುಳಿಗೆ ಹಾಕಿ ನೋಡಿದಳೇ ಎಂದು ಕೇಳಿ. ಎಲೆ, ತೊಗಟೆಗಳಲ್ಲಿರುವ ಟ್ಯಾನಿನ್ ಇನ್ನೊಂದು ಮೋಸಗಾರ. ಅಳಲೆಕಾಯಿ ಕಚ್ಚಿದಾಗ ನಾಲಿಗೆ ಒಗರಾಗುತ್ತದಲ್ಲ, ಅದು ಟ್ಯಾನಿನ್ ಪ್ರೋಟೀನಿಗೆ ಅಂಟಿಕೊಳ್ಳುವ ಗುಣ. ಬ್ಯಾಕ್ಟೀರಿಯಾದ ಪ್ರೋಟೀನಿಗೂ, ಅದಕ್ಕೆ ಊಟವಾಗಿ ಕೊಟ್ಟ ಮಾಧ್ಯಮದ ಪ್ರೋಟೀನಿಗೂ, ನಮ್ಮ ದೇಹದ ಪ್ರೋಟೀನಿಗೂ ಅದು ಭೇದವಿಲ್ಲದೆ ಅಂಟುತ್ತದೆ. ಇಂಥದ್ದರಿಂದ ಔಷಧ ಹುಟ್ಟುವುದು ಕಷ್ಟ. ಇದಲ್ಲದೆ ಗಿಡದ ಫೀನಾಲ್‌ಗಳು ಪೋಷಕ ಮಾಧ್ಯಮದಲ್ಲಿ ಗಾಳಿಯ ಆಮ್ಲಜನಕದೊಡನೆ ಸೇರಿ ಹೈಡ್ರೋಜನ್ ಪೆರಾಕ್ಸೈಡ್ ಉಂಟುಮಾಡುತ್ತವೆ. ನಿಮ್ಮ ತೋಟದ ಕಾಫಿಯ ಡಿಕಾಕ್ಷನ್‌ನಲ್ಲೂ ಇದೇ ಆಗುತ್ತದೆ. ಕಾಫಿ ಬ್ಯಾಕ್ಟೀರಿಯಾ ಕೊಲ್ಲುತ್ತದೆ ಎಂದು ಕಂಡದ್ದರಲ್ಲಿ ಒಂದು ಪಾಲು ಈ ಪೆರಾಕ್ಸೈಡ್‌ನ ಕೆಲಸ. ಪೆರಾಕ್ಸೈಡನ್ನು ಒಡೆಯುವ ಕ್ಯಾಟಲೇಸ್ ಕಿಣ್ವವನ್ನು ಸೇರಿಸಿದ ಮೇಲೂ ಪರಿಣಾಮ ಉಳಿದರೆ ಆಗ ಮುಂದಕ್ಕೆ ಹೋಗಬಹುದು.

ಇಷ್ಟೆಲ್ಲ ದಾಟಿದ ಮೇಲೆ ವರ್ತುಲವನ್ನು ಬಿಟ್ಟು ಪ್ರಮಾಣ ಅಳೆಯಬೇಕು. ಪ್ರಯೋಗಾಲಯದಲ್ಲಿ ಇದನ್ನು ಎಂಐಸಿ ಎನ್ನುತ್ತಾರೆ: ಬ್ಯಾಕ್ಟೀರಿಯಾ ಕಣ್ಣಿಗೆ ಕಾಣುವಂತೆ ಬೆಳೆಯದ ಹಾಗೆ ತಡೆಯಲು ಬೇಕಾದ ಅತಿ ಕಡಿಮೆ ಪ್ರಮಾಣ. ಅಂಗೈ ಅಗಲದ ಪ್ಲಾಸ್ಟಿಕ್ ತಟ್ಟೆಯಲ್ಲಿ ಎಂಟು ಸಾಲು, ಹನ್ನೆರಡು ಕಂಬ, ಒಟ್ಟು 96 ಪುಟ್ಟ ಕುಳಿಗಳು. ಮೊದಲ ಕುಳಿಯಲ್ಲಿ ಮಿಲಿಲೀಟರಿಗೆ 2000 ಮೈಕ್ರೊಗ್ರಾಂ ಸಾರ, ಮುಂದಿನದರಲ್ಲಿ 1000, ಆಮೇಲೆ 500, 250, 125, ಹೀಗೆ ಅರ್ಧರ್ಧ ಇಳಿಯುತ್ತ ಹೋಗುತ್ತದೆ. ಎಲ್ಲ ಕುಳಿಗೂ ಮಿಲಿಲೀಟರಿಗೆ 5 ಲಕ್ಷದಂತೆ ಬ್ಯಾಕ್ಟೀರಿಯಾ. ಒಂದು ಕಂಬದಲ್ಲಿ ಸಾರವಿಲ್ಲದ ಬ್ಯಾಕ್ಟೀರಿಯಾ, ಒಂದರಲ್ಲಿ ಬ್ಯಾಕ್ಟೀರಿಯಾ ಇಲ್ಲದ ಮಾಧ್ಯಮ, ಇನ್ನೊಂದರಲ್ಲಿ ಬರೀ ದ್ರಾವಕ. ರಾತ್ರಿಯಿಡೀ 35 ಡಿಗ್ರಿಯಲ್ಲಿ ಇಡಬೇಕು. ಸಾಮಾನ್ಯವಾಗಿ ಬೆಳಿಗ್ಗೆ ಕಲಕಲಾದ ಕುಳಿಗಳನ್ನು ನೋಡಿ ಹೇಳುತ್ತಾರೆ, ಆದರೆ ಎಲೆಯ ಸಾರವೇ ಕಡು ಹಸಿರಾಗಿರುವುದರಿಂದ ಕಲಕಲು ಯಾವುದು, ಬಣ್ಣ ಯಾವುದು ತಿಳಿಯುವುದಿಲ್ಲ. ಅದಕ್ಕೆ ರೆಸಜುರಿನ್ ಎಂಬ ನೀಲಿ ಬಣ್ಣವನ್ನು ಹನಿಸುತ್ತೇವೆ. ಬದುಕಿರುವ ಬ್ಯಾಕ್ಟೀರಿಯಾ ಅದನ್ನು ಗುಲಾಬಿಗೆ ತಿರುಗಿಸುತ್ತದೆ. ಗಂಟೆ ಎರಡು ಗಂಟೆಯಲ್ಲಿ ಸಾಲಿನ ಒಂದು ತುದಿ ಗುಲಾಬಿಯಾಗುತ್ತ ಬಂದು ಒಂದು ಕುಳಿಯ ಬಳಿ ನಿಲ್ಲುತ್ತದೆ. ನೀಲಿಯಾಗಿಯೇ ಉಳಿದ ಆ ಕಡೆಯ ಕುಳಿಯ ಸಂಖ್ಯೆಯೇ ಉತ್ತರ. ಎಷ್ಟು ಸಲ ನೋಡಿದರೂ ಆ ಗಳಿಗೆಯಲ್ಲಿ ನನಗೆ ಕುರ್ಚಿಯಲ್ಲಿ ಕೂರಲು ಆಗುವುದಿಲ್ಲ. ಎಣ್ಣೆಯ ಅಂಶವಿದ್ದರೆ ಒಂದು ಎಚ್ಚರಿಕೆ: ಅದು ಆವಿಯಾಗಿ ಪಕ್ಕದ ಕುಳಿಯ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ಲೆಕ್ಕ ತಪ್ಪುತ್ತದೆ.

ಶುದ್ಧೀಕರಿಸದ ಸಾರಕ್ಕೆ 100 ಮೈಕ್ರೊಗ್ರಾಂ ಅಥವಾ ಅದಕ್ಕೂ ಕಡಿಮೆ ಬಂದರೆ ಈ ಕ್ಷೇತ್ರದವರು ಕಿವಿ ನಿಮಿರಿಸುತ್ತಾರೆ. 1000 ದಾಟಿದರೆ ಬೆನ್ನು ಹತ್ತುವುದು ಬೇಡವೆಂದೇ ನನ್ನ ಸಲಹೆ. ಕಾರಣವನ್ನು ನೀವೇ ಲೆಕ್ಕ ಹಾಕಿ ನೋಡಿ. ಎಂಐಸಿ 2000 ಎಂದರೆ ಮಿಲಿಲೀಟರಿಗೆ 2 ಮಿಲಿಗ್ರಾಂ. ದೊಡ್ಡವರ ದೇಹದಲ್ಲಿ ಸುಮಾರು 5 ಲೀಟರ್ ರಕ್ತ. ರಕ್ತದಲ್ಲಿ ಅಷ್ಟು ಪ್ರಮಾಣ ಬರಲು 10 ಗ್ರಾಂ ಸಾರ ಪೂರ್ತಿಯಾಗಿ ರಕ್ತದಲ್ಲೇ ಕರಗಿ ನಿಲ್ಲಬೇಕು. ಮಾಂಸಕ್ಕೆ ಇಳಿಯಬಾರದು, ಪಿತ್ತಜನಕಾಂಗ ಅದನ್ನು ಒಡೆಯಬಾರದು, ಮೂತ್ರಪಿಂಡ ಸೋಸಬಾರದು. ಆಗುವ ಮಾತೇ? ವ್ಯಾಂಕೊಮೈಸಿನ್‌ಗೆ ಬಗ್ಗುವ ಸ್ಟ್ಯಾಫಿಲೊಕಾಕಸ್‌ಗೆ 2 ಮೈಕ್ರೊಗ್ರಾಂ ಒಳಗೇ ಸಾಕು. ಗಾಯದ ಮೇಲೆ ಹಚ್ಚುವ ಮುಲಾಮಿಗೆ ಲೆಕ್ಕ ಬೇರೆ, ಅದನ್ನು ಒಪ್ಪುತ್ತೇನೆ. ಅಲ್ಲಿ ಹೆಚ್ಚು ಪ್ರಮಾಣ ಇಡಬಹುದು. ಆದರೆ ಆ ಪ್ರಮಾಣ ಹೊಸ ಚರ್ಮ ಕಟ್ಟುತ್ತಿರುವ ಜೀವಕೋಶಗಳನ್ನು ಸಾಯಿಸಬಾರದು. ಅಂಟುವಾಳದ ನೊರೆ ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡಿದ ಹಾಗೆಯೇ ನಮ್ಮ ಕೆಂಪು ರಕ್ತಕಣಗಳನ್ನೂ ಒಡೆಯುತ್ತದೆ. ಬ್ಯಾಕ್ಟೀರಿಯಾ ಸಾಯುವ ಪ್ರಮಾಣಕ್ಕೂ ನಮ್ಮ ಜೀವಕೋಶ ಸಾಯುವ ಪ್ರಮಾಣಕ್ಕೂ ಎಷ್ಟು ಅಂತರವಿದೆ ಎಂಬುದು ತಿಳಿಯದೆ ಯಾವ ಸಾರವನ್ನೂ ಔಷಧ ಎನ್ನಲಾಗದು.

ಹಾಗಿದ್ದರೆ ತೋಟದಲ್ಲಿ ಗಾಯ ಮಾಯುವುದು ಹೇಗೆ ಎಂದು ನೀವು ಕೇಳುತ್ತೀರಿ. ಕಮ್ಯುನಿಸ್ಟ್ ಗಿಡ, ಅಂದರೆ ಅಮೆರಿಕ ಖಂಡದಿಂದ ಬಂದು ನಮ್ಮ ಘಟ್ಟವನ್ನು ತುಂಬಿಕೊಂಡ ಕ್ರೊಮೊಲೀನಾ ಒಡೊರಾಟಾ, ರಕ್ತ ಹೆಪ್ಪುಗಟ್ಟಿಸುವುದರಲ್ಲಿ ನೆರವಾಗುತ್ತದೆ ಎಂಬುದಕ್ಕೆ ಪ್ರಯೋಗಗಳ ಆಧಾರವಿದೆ. ವಿಯೆಟ್ನಾಂನಲ್ಲೂ ಇದನ್ನು ಗಾಯಕ್ಕೆ ಬಳಸುತ್ತಾರೆ. ನಿಮ್ಮವರ ಅನುಭವ ಹುಸಿಯಲ್ಲ. ಆದರೆ ಆರೋಗ್ಯವಂತ ಆಳಿನ ಕೈಗೆ ಆದ ಹೊಸ ಕತ್ತಿ ಗಾಯ ಎಷ್ಟೋ ಸಲ ತಾನಾಗಿಯೇ ಮಾಯುತ್ತದೆ. ರಸ ಹಿಂಡದ ಗಾಯಗಳನ್ನು ಯಾರೂ ಎಣಿಸಿಟ್ಟಿಲ್ಲ. ತಂದೆಯವರ ಹುಣ್ಣು ಆ ಜಾತಿಯ ಗಾಯವೇ ಅಲ್ಲ. ಅಪ್ಪಿತಪ್ಪಿಯೂ ಇದರ ಕಷಾಯ ಮಾಡಿ ಕುಡಿಸಬೇಡಿ. ಪಿತ್ತಜನಕಾಂಗವನ್ನು ಕೆಡಿಸುವ ಪೈರೊಲಿಜಿಡಿನ್ ಆಲ್ಕಲಾಯ್ಡ್‌ಗಳು ಈ ಗಿಡದಲ್ಲಿವೆ, ಬೇರು ಮತ್ತು ಹೂವಿನಲ್ಲಿ ಹೆಚ್ಚಾಗಿ.

ಇನ್ನೊಂದು ಸೂಕ್ಷ್ಮವನ್ನು ಮಗಳು ಗಮನಿಸಿರಲಿಕ್ಕಿಲ್ಲ. ನಿಮ್ಮ ಮನೆಯಲ್ಲಿ ಹಿಂಡುವುದು ಹಸಿ ರಸ. ಅವಳು ಪರೀಕ್ಷಿಸಿದ್ದು ಒಣಗಿದ ಎಲೆಯ ಮೆಥನಾಲ್ ಸಾರ. ಇವು ಎರಡು ಬೇರೆ ವಸ್ತುಗಳು. ಬೆಳ್ಳುಳ್ಳಿಯ ಆಲಿಸಿನ್ ಇಡೀ ಎಸಳಿನಲ್ಲಿ ಇರುವುದಿಲ್ಲ, ಜಜ್ಜಿದ ಗಳಿಗೆಯಲ್ಲಿ ಹುಟ್ಟುತ್ತದೆ, ಕಾಯಿಸಿದರೆ ಕೆಡುತ್ತದೆ. ಮಲೇರಿಯಾದ ಆರ್ಟೆಮಿಸಿನಿನ್ ಚೀನಾದ ಟು ಯೂಯೂ ಅವರಿಗೆ ಸಿಕ್ಕಿದ್ದು ಎಲೆಯನ್ನು ಕುದಿಸುವುದನ್ನು ಬಿಟ್ಟು ಕಡಿಮೆ ಉಷ್ಣದಲ್ಲಿ ಈಥರ್‌ನಿಂದ ಸಾರ ತೆಗೆದಾಗ. 2015ರಲ್ಲಿ ಅವರಿಗೆ ನೊಬೆಲ್ ಬಂತು. ಆದ್ದರಿಂದ ಹಸಿ ರಸವನ್ನು ಸೂಕ್ಷ್ಮ ಸೋಸುಕದಲ್ಲಿ ಸೋಸಿ ಅದನ್ನೂ ಪರೀಕ್ಷಿಸಲಿ.

ಸ್ಟ್ಯಾಫಿಲೊಕಾಕಸ್ ಮೇಲೆ ಕೆಲಸ ಮಾಡಿದ ಸಾರ ಇ. ಕೊಲೈ, ಸ್ಯೂಡೊಮೊನಾಸ್ ಎಂಬ ಬೇರೆ ಬ್ಯಾಕ್ಟೀರಿಯಾಗಳ ಮೇಲೆ ಸೋತರೆ ಬೇಸರಪಡುವುದು ಬೇಡ. ಅವಕ್ಕೆ ಹೊರಗೊಂದು ಹೆಚ್ಚಿನ ಪೊರೆ ಇದೆ, ಒಳಬಂದದ್ದನ್ನು ಹೊರದಬ್ಬುವ ಪಂಪ್‌ಗಳೂ ಇವೆ. ಗಿಡಮೂಲದ ಬಹುಪಾಲು ರಾಸಾಯನಿಕಗಳು ಅಲ್ಲಿಯೇ ನಿಲ್ಲುತ್ತವೆ.

ಪಂಪ್ ಎಂದಾಗ ನನಗೆ ಬಹಳ ಪ್ರಿಯವಾದ ಕಥೆಯೊಂದನ್ನು ಹೇಳದೆ ಇರಲಾರೆ. ನಮ್ಮ ಘಟ್ಟದಲ್ಲಿ ಮರದರಿಶಿನದ ಬಳ್ಳಿ ಇದೆ, ಕತ್ತರಿಸಿದರೆ ಒಳಗೆ ಅರಿಶಿನದಂತೆ ಹಳದಿ. ಆ ಹಳದಿಯೇ ಬರ್ಬೆರಿನ್. ಬರ್ಬೆರಿಸ್ ಜಾತಿಯ ಪೊದೆಗಳಲ್ಲೂ ಅದು ಇದೆ. ಒಂಟಿಯಾಗಿ ತೆಗೆದು ಪರೀಕ್ಷಿಸಿದರೆ ಬರ್ಬೆರಿನ್ ಸ್ಟ್ಯಾಫಿಲೊಕಾಕಸ್ ಮೇಲೆ ದುರ್ಬಲ, ಏಕೆಂದರೆ ಬ್ಯಾಕ್ಟೀರಿಯಾ ನಾರ್‌-ಎ ಎಂಬ ಪಂಪ್‌ನಿಂದ ಅದನ್ನು ಹೊರಗೆ ಎಸೆಯುತ್ತದೆ. 2000ದಲ್ಲಿ ಅಮೆರಿಕದ ಫ್ರಾಂಕ್ ಸ್ಟರ್ಮಿಟ್ಜ್, ಕಿಮ್ ಲೂಯಿಸ್ ಮತ್ತು ಸಂಗಡಿಗರು ಬರ್ಬೆರಿಸ್ ಗಿಡದಲ್ಲಿಯೇ ಇನ್ನೊಂದು ವಸ್ತು ಇರುವುದನ್ನು ತೋರಿಸಿದರು: ಮೆಥಾಕ್ಸಿಹೈಡ್ನೊಕಾರ್ಪಿನ್. ಅದು ತಾನಾಗಿ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಪಂಪ್‌ನ ಬಾಯಿ ಕಟ್ಟುತ್ತದೆ. ಆಗ ಬರ್ಬೆರಿನ್ ಒಳಗೇ ಉಳಿದು ಕೆಲಸ ಮಾಡುತ್ತದೆ. ಆ ಹೆಸರಿನಲ್ಲಿರುವ ಹೈಡ್ನೊಕಾರ್ಪಸ್, ಹಿಂದೆ ಕುಷ್ಠಕ್ಕೆ ಎಣ್ಣೆ ತೆಗೆಯುತ್ತಿದ್ದ ನಮ್ಮ ಗರುಡಫಲದ ಜಾತಿ. ಸಾರವನ್ನು ಬಿಡಿಸಿ ಬಿಡಿಸಿ ಶುದ್ಧಗೊಳಿಸುತ್ತ ಹೋದಾಗ ಶಕ್ತಿ ಇದ್ದಕ್ಕಿದ್ದಂತೆ ಮಾಯವಾಗುವುದನ್ನು ನಾವೆಲ್ಲ ಕಂಡಿದ್ದೇವೆ. ಜೋಡಿ ಬೇರೆಯಾಗಿರುವುದು ಅದಕ್ಕೆ ಒಂದು ಕಾರಣ ಇರಬಹುದು. ಗಿಡಗಳಿಂದ ನಾನು ನಿರೀಕ್ಷಿಸುವುದು ಇಂಥದ್ದನ್ನೇ. ನಾವು ನುಂಗುವ, ಚುಚ್ಚಿಸಿಕೊಳ್ಳುವ ಆ್ಯಂಟಿಬಯಾಟಿಕ್‌ಗಳು ಬಹುಪಾಲು ಶಿಲೀಂಧ್ರ ಮತ್ತು ಮಣ್ಣಿನ ಸೂಕ್ಷ್ಮಜೀವಿಗಳಿಂದ ಬಂದವು, ಇಲ್ಲವೇ ಕಾರ್ಖಾನೆಯಲ್ಲಿ ಕಟ್ಟಿದವು. ಮುಂಗಾರಿನ ಮೊದಲ ಮಳೆಗೆ ನಿಮ್ಮ ತೋಟದ ಮಣ್ಣು ಸೂಸುವ ವಾಸನೆಯ ಹಿಂದಿರುವ ಸ್ಟ್ರೆಪ್ಟೊಮೈಸಿಸ್ ಕುಲವೇ ಸ್ಟ್ರೆಪ್ಟೊಮೈಸಿನ್ ಕೊಟ್ಟದ್ದು. ಗಿಡದ ವಸ್ತು ಹಳೆಯ ಔಷಧಕ್ಕೆ ಮತ್ತೆ ಬಲ ತುಂಬುವ ಜೊತೆಗಾರನಾಗಬಹುದು. ಮಗಳು ತನ್ನ ಸಾರವನ್ನು ಪೆನಿಸಿಲಿನ್ ಕುಟುಂಬದ ಆಕ್ಸಾಸಿಲಿನ್ ಜೊತೆ ಚದುರಂಗದ ಮಣೆಯಂತೆ ಎರಡೂ ದಿಕ್ಕಿಗೆ ಅರ್ಧರ್ಧ ಇಳಿಸಿ ಪರೀಕ್ಷಿಸಲಿ. ಎರಡರ ಎಂಐಸಿಯೂ ಒಟ್ಟಿಗೆ ಇದ್ದಾಗ ಕಾಲು ಭಾಗಕ್ಕೆ ಇಳಿದರೆ ಅದು ನಿಜವಾದ ಜೊತೆಗಾರಿಕೆ, ಆಗ ನನಗೆ ಖಂಡಿತ ತಿಳಿಸಲಿ. ಮರದರಿಶಿನವನ್ನು ಮಾತ್ರ ಕಾಡಿನಿಂದ ಕಡಿದು ತರಬೇಡಿ. ನಿಧಾನವಾಗಿ ಬೆಳೆಯುವ ಆ ಬಳ್ಳಿ ಈಗಾಗಲೇ ಅಳಿವಿನ ಅಂಚಿನಲ್ಲಿದೆ.

ಪ್ರಾಜೆಕ್ಟ್ ಮುಗಿಸುವ ಮೊದಲು ಎಲೆ ಕೊಯ್ದ ಗಿಡದ್ದೇ ಹೂವಿರುವ ಒಂದು ರೆಂಬೆಯನ್ನು ಕಾಗದದ ನಡುವೆ ಒತ್ತಿ ಒಣಗಿಸಿ, ಸ್ಥಳ, ದಿನಾಂಕ ಬರೆದು ಕಾಲೇಜಿನ ಸಸ್ಯಸಂಗ್ರಹಕ್ಕೆ ಕೊಡಲಿ. ಹೆಸರು ಖಚಿತಪಡಿಸಿಕೊಳ್ಳಲು ನಮ್ಮ ಜಿಲ್ಲೆಯವರು ಪುಣ್ಯವಂತರು: ಸಲ್ಡಾನಾ ಮತ್ತು ನಿಕೋಲ್ಸನ್ 1976ರಲ್ಲಿ ಹೊರತಂದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ ಇದೆ. ಇನ್ನು ಎಂಆರ್‌ಎಸ್‌ಎ ಬೆಳೆದ ತಟ್ಟೆಯನ್ನು ಮನೆಗೆ ತೋರಿಸಲೆಂದು ಯಾವ ಕಾರಣಕ್ಕೂ ತರಬಾರದು, ಫೋಟೊ ಸಾಕು. ಕೆಲಸ ಮುಗಿದ ತಟ್ಟೆಗಳು ಆಟೊಕ್ಲೇವ್‌ನಲ್ಲಿ 121 ಡಿಗ್ರಿಯಲ್ಲಿ ಬೆಂದೇ ಹೊರಹೋಗಬೇಕು. ಅಜ್ಜನ ಹುಣ್ಣಿನ ಕೀವಿನಿಂದ ತಾನೇ ಬ್ಯಾಕ್ಟೀರಿಯಾ ಬೆಳೆಸುವ ಆಸೆ ಅವಳಿಗಿದ್ದರೆ ಬೇಡವೆನ್ನಿ. ಅದಕ್ಕೆ ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕು.

ತಂದೆಯವರ ಪಾದವನ್ನು ದಿನಕ್ಕೊಮ್ಮೆ ಒಳ್ಳೆಯ ಬೆಳಕಿನಲ್ಲಿ ನೀವೇ ನೋಡಿ, ಅಡಿಭಾಗ, ಬೆರಳ ಸಂದಿ ಸಹಿತ. ಆ ಕಾಲಿನ ಮೇಲೆ ಭಾರ ಹಾಕಿ ತೋಟದಲ್ಲಿ ಓಡಾಡಲು ಬಿಡಬೇಡಿ, ಸಕ್ಕರೆಯ ಪ್ರಮಾಣ ಬರೆದಿಡಿ. ಕೆಂಪು ಮೇಲಕ್ಕೆ ಹಬ್ಬಿದರೆ, ಕೆಟ್ಟ ವಾಸನೆ ಬಂದರೆ, ಚರ್ಮ ಕಪ್ಪಾದರೆ, ಜ್ವರ ಬಂದರೆ ಮರುದಿನದ ಬಸ್ಸಿಗೆ ಕಾಯದೆ ಅಂದೇ ಹಾಸನಕ್ಕೆ ಕರೆತನ್ನಿ.